ನಾಳೆ ಹೋಗ್ತೀನಿ ಅನ್ನಬೇಡಿ



ಇದು ಗೌರಮ್ಮನ ವಿಷಯ. ಗೌರಮ್ಮ ಅನ್ನೋ ಹೆಸರು ನಾವು ಇಟ್ಟದ್ದು. ಆದರೆ ಇಂಥ ಗೌರಮ್ಮ ನಿಮ್ಮ ಬೀದಿಯಲ್ಲೂ ಇದ್ದಾಳೆ. ಅವಳ ಕಷ್ಟ ನಿಮ್ಮದೂ ಇರಬಹುದು. ಓದಿ ನೋಡಿ.

ಬೆಂಗಳೂರಿನ ದಕ್ಷಿಣಕ್ಕೆ ಚಿಕ್ಕಲಸಂದ್ರ ಇದೆ. ಒಂದು ಕಡೆ ಪದ್ಮನಾಭನಗರ. ಇನ್ನೊಂದು ಕಡೆ ಉತ್ತರಹಳ್ಳಿ. ಹಿಂದೆ ಇದೊಂದು ಹಳ್ಳಿ. ಈಗ ಎಲ್ಲಿ ನೋಡಿದರೂ ಮಹಡಿ ಮನೆ. ಆ ಮನೆಗಳಿಗೆ ಇಟ್ಟಿಗೆ ಹೊತ್ತವರು, ಅಲ್ಲಿ ಕಸ ಗುಡಿಸುವವರು, ಅಡುಗೆ ಮಾಡುವವರು ಹತ್ತಿರದಲ್ಲೇ ಸಣ್ಣ ಬಾಡಿಗೆ ಮನೆಗಳಲ್ಲಿ ಇದ್ದಾರೆ.

ಗೌರಮ್ಮನೂ ಹಾಗೆ ಇರುವವಳು. ಮೂರು ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಗಂಡ ಗಾರೆ ಕೆಲಸ ಮಾಡುತ್ತಾನೆ. ಇಬ್ಬರು ಮಕ್ಕಳು. ಕೆಲವು ತಿಂಗಳಿಂದ ಗೌರಮ್ಮನಿಗೆ ತಲೆನೋವು. ಬಗ್ಗಿ ಎದ್ದರೆ ತಲೆ ಸುತ್ತುತ್ತದೆ. ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗುತ್ತಾಳೆ. ಮತ್ತೆ ಕೆಲಸಕ್ಕೆ ಓಡುತ್ತಾಳೆ.

ಒಂದು ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಳು.

"ಗೌರಕ್ಕ, ಯಾಕೆ ಮುಖ ಬಾಡಿದೆ?"

"ಏನಿಲ್ಲ ಕಣಮ್ಮ. ಸ್ವಲ್ಪ ತಲೆನೋವು."

"ಡಾಕ್ಟರಿಗೆ ತೋರಿಸಿದ್ರಾ?"

"ನಾಳೆ ಹೋಗ್ತೀನಿ."

"ಹೋದ ತಿಂಗಳೂ ನಾಳೆ ಅಂದ್ರಿ. ನಿಮ್ಮ ನಾದಿನಿನೂ ನಾಳೆ ನಾಳೆ ಅಂತಾನೇ ಇದ್ದರು ಅಲ್ವಾ?"

ಗೌರಮ್ಮ ಮಾತಾಡಲಿಲ್ಲ. ನಾದಿನಿಗೂ ಹೀಗೇ ತಲೆನೋವು ಬರುತ್ತಿತ್ತು. ಒಂದು ದಿನ ಬಚ್ಚಲಲ್ಲಿ ಬಿದ್ದಳು. ಬಾಯಿ ಸೊಟ್ಟಗಾಯಿತು. ಬಲಗೈ ಎತ್ತಲು ಆಗಲಿಲ್ಲ. ಲಕ್ವ ಹೊಡೆದಿತ್ತು. ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಓಲೆ ಮಾರಿದರು. ಬಡ್ಡಿಗೆ ಸಾಲ ತಂದರು. ಜೀವ ಉಳಿಯಿತು. ಆದರೆ ಕೈ ಸರಿಹೋಗಲಿಲ್ಲ. ಸಾಲ ಇನ್ನೂ ತೀರಿಲ್ಲ.

ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡರು ಅಂತ ಗಾದೆ ಇದೆ. ರೋಗದ ವಿಷಯದಲ್ಲಿ ಈ ಗಾದೆ ನೂರಕ್ಕೆ ನೂರು ನಿಜ.

ನಾವು ಯಾಕೆ ಮುಂದೂಡುತ್ತೇವೆ?

ಗೌರಮ್ಮ ದಡ್ಡಿ ಅಲ್ಲ. ಸೋಮಾರಿಯೂ ಅಲ್ಲ. ಅವಳ ಲೆಕ್ಕ ಬೇರೆ.

ಆಸ್ಪತ್ರೆಗೆ ಹೋದರೆ ಅರ್ಧ ದಿನ ಹೋಗುತ್ತದೆ. ಕೆಲಸಕ್ಕೆ ಹೋಗದಿದ್ದರೆ ಸಂಬಳ ಹಿಡಿಯುತ್ತಾರೆ. ಎರಡು ಸಲ ರಜೆ ಹಾಕಿದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ. ಇದು ಒಂದು ಭಯ.

ಡಾಕ್ಟರು ಏನಾದರೂ ದೊಡ್ಡ ರೋಗ ಅಂದುಬಿಟ್ಟರೆ? ದುಡ್ಡು ಎಲ್ಲಿಂದ ತರೋದು? ಇದು ಇನ್ನೊಂದು ಭಯ.

ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು, ಯಾರನ್ನು ಕೇಳಬೇಕು? ಗೊತ್ತಿಲ್ಲ. ಇದು ಮೂರನೆಯದು.

ಈ ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲ ಮೆಟ್ಟಿಲು: ಹತ್ತಿರದ ಕ್ಲಿನಿಕ್

ದೊಡ್ಡ ಆಸ್ಪತ್ರೆಗೆ ಮೊದಲೇ ಓಡಬೇಕಾಗಿಲ್ಲ. ಮನೆ ಹತ್ತಿರವೇ ಸರ್ಕಾರದ ಕ್ಲಿನಿಕ್ ಇರುತ್ತದೆ.

2022ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ 'ನಮ್ಮ ಕ್ಲಿನಿಕ್' ಶುರು ಮಾಡಿತು. ಪಟ್ಟಣಗಳಲ್ಲಿ ಇರುವ ಬಡವರಿಗಾಗಿ ಇದನ್ನು ಮಾಡಿದ್ದು. ಬೆಂಗಳೂರಿನಲ್ಲಿ ಆಗ 243 ವಾರ್ಡು. ವಾರ್ಡಿಗೆ ಒಂದು ಕ್ಲಿನಿಕ್ ಅಂತ ಯೋಜನೆ ಹಾಕಿದರು. 2023ರ ಫೆಬ್ರವರಿಯಿಂದ ಬೆಂಗಳೂರಿನ ತುಂಬ ಇವು ತೆರೆದವು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಬೋರ್ಡಿನ ಮೇಲೆ ಪಾಲಿಕೆಯ ಹೆಸರು ಬದಲಾಗಿದ್ದರೆ ಗಾಬರಿ ಬೇಡ. 'ನಮ್ಮ ಕ್ಲಿನಿಕ್' ಅನ್ನೋ ಅಕ್ಷರ ನೋಡಿ. ಈಗ ನಿಮಗೆ ಓದಲು ಬರುತ್ತದಲ್ಲ!

ಒಂದು ಕ್ಲಿನಿಕ್ಕಿಗೆ ಒಬ್ಬ ಡಾಕ್ಟರು, ಒಬ್ಬ ನರ್ಸು, ರಕ್ತ ಪರೀಕ್ಷೆ ಮಾಡುವವರು ಒಬ್ಬರು, ಒಬ್ಬ ಸಹಾಯಕರು ಅಂತ ಇದೆ. ಜ್ವರ, ಕೆಮ್ಮು, ಬಿ.ಪಿ., ಸಕ್ಕರೆ ಕಾಯಿಲೆ ನೋಡುತ್ತಾರೆ. ಬಸುರಿಯರ ತಪಾಸಣೆ ಮಾಡುತ್ತಾರೆ. ಮಕ್ಕಳಿಗೆ ಲಸಿಕೆ ಹಾಕುತ್ತಾರೆ. ರಕ್ತ, ಮೂತ್ರ ಪರೀಕ್ಷೆ ಇದೆ. ಮಾತ್ರೆ ಕೊಡುತ್ತಾರೆ. ಇದಕ್ಕೆಲ್ಲ ದುಡ್ಡು ಇಲ್ಲ.

ಇದರ ಜೊತೆಗೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಇವೆ. ಸುಮಾರು 50,000 ಜನಕ್ಕೆ ಒಂದು ಕೇಂದ್ರ ಅನ್ನೋದು ಲೆಕ್ಕ. 2013ರಲ್ಲಿ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ನಿಯಮ ಇದು.

ಒಂದು ಮಾತು ನೆನಪಿರಲಿ. ನಮ್ಮ ಕ್ಲಿನಿಕ್ಕಿಗೆ ಮೊದಲು ಇಟ್ಟ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30. ಗೌರಮ್ಮ ಕೆಲಸ ಮಾಡುವ ಹೊತ್ತೂ ಅದೇ! ದುಡಿಯುವವರಿಗೆ ಇದು ತೊಂದರೆ ಅಂತ ಕೆಲವು ಕ್ಲಿನಿಕ್ಕುಗಳಲ್ಲಿ ಆಮೇಲೆ ಮಧ್ಯಾಹ್ನ 12ರಿಂದ ರಾತ್ರಿ 8 ಅಂತ ಬದಲಿಸಿದರು. ನಿಮ್ಮ ಹತ್ತಿರದ್ದು ಯಾವಾಗ ತೆರೆದಿರುತ್ತದೆ? ಬಾಗಿಲ ಹತ್ತಿರದ ಬೋರ್ಡು ಓದಿ ಬರೆದಿಟ್ಟುಕೊಳ್ಳಿ. ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂದೆ ಬರುವುದು ತಪ್ಪುತ್ತದೆ.

ನೋವಿಲ್ಲದ ಶತ್ರು

ಮರುದಿನ ಗೌರಮ್ಮ ಕೆಲಸದ ಮನೆಯ ಅಮ್ಮನಿಗೆ ಹೇಳಿದಳು. "ಅಮ್ಮ, ಬುಧವಾರ ಸ್ವಲ್ಪ ತಡ ಆಗುತ್ತೆ. ಡಾಕ್ಟರ ಹತ್ತಿರ ಹೋಗಬೇಕು. ಸಂಜೆ ಬಂದು ಪಾತ್ರೆ ತೊಳೀತೀನಿ." ಅವರು "ಆಗಲಿ" ಅಂದರು. ಕೇಳುವ ತನಕ ಗೌರಮ್ಮನಿಗೆ ಭಯ ಇತ್ತು. ಕೇಳಿದ ಮೇಲೆ ಹೋಯಿತು.

ಬುಧವಾರ ಆಶಾ ಕಾರ್ಯಕರ್ತೆಯ ಜೊತೆ ಕ್ಲಿನಿಕ್ಕಿಗೆ ಹೋದಳು. ನರ್ಸು ತೋಳಿಗೆ ಪಟ್ಟಿ ಸುತ್ತಿದರು. ಗಾಳಿ ತುಂಬಿದರು. ಚೀಟಿಯಲ್ಲಿ 170/100 ಅಂತ ಬರೆದರು.

ಈ ಎರಡು ಅಂಕಿಯ ಅರ್ಥ ಏನು? ಹೃದಯ ರಕ್ತವನ್ನು ನೂಕುವಾಗ ನಾಳದಲ್ಲಿ ಇರುವ ಒತ್ತಡ ಮೇಲಿನ ಅಂಕಿ. ಹೃದಯ ಸ್ವಲ್ಪ ಬಿಡುವು ಪಡೆಯುವಾಗ ಇರುವ ಒತ್ತಡ ಕೆಳಗಿನ ಅಂಕಿ. 120/80 ಇದ್ದರೆ ಸರಿ. 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಬಿ.ಪಿ. ಹೆಚ್ಚು ಅಂತ ಲೆಕ್ಕ. ಒಂದು ಸಲ ನೋಡಿ ಹೇಳುವುದಿಲ್ಲ. ಇನ್ನೊಂದು ದಿನವೂ ನೋಡುತ್ತಾರೆ.

ಎಷ್ಟೋ ಜನಕ್ಕೆ ಬಿ.ಪಿ. ಹೆಚ್ಚಿದ್ದರೂ ನೋವು ಇರುವುದಿಲ್ಲ. ತಲೆ ಕೂಡ ಸುತ್ತುವುದಿಲ್ಲ. ಹಾಗಾಗಿ ಅಳೆಯದೆ ಗೊತ್ತಾಗುವುದಿಲ್ಲ. ಅದು ಒಳಗೊಳಗೇ ರಕ್ತನಾಳವನ್ನು ಕೆಡಿಸುತ್ತದೆ. ಒಂದು ದಿನ ಲಕ್ವ ಹೊಡೆಯಬಹುದು. ಹೃದಯಾಘಾತ ಆಗಬಹುದು. ಮೂತ್ರಪಿಂಡ ಕೆಡಬಹುದು.

ಬಿ.ಪಿ. ಮಾತ್ರೆ ದಿನಾ ತೆಗೆದುಕೊಳ್ಳಬೇಕು. "ಈಗ ಚೆನ್ನಾಗಿದೀನಿ, ಸಾಕು" ಅಂತ ನಿಲ್ಲಿಸಬಾರದು. ಮಾತ್ರೆ ತಿಂದದ್ದರಿಂದಲೇ ಚೆನ್ನಾಗಿರುವುದು. ಉಪ್ಪಿನಕಾಯಿ, ಹಪ್ಪಳ, ಉಪ್ಪು ಕಡಿಮೆ ಮಾಡಬೇಕು. ಹೊಗೆಸೊಪ್ಪು ಬಿಡಬೇಕು.

ಯಾರಿಗಾದರೂ ಇದ್ದಕ್ಕಿದ್ದಂತೆ ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಅದು ಲಕ್ವ. ನಾಟಿ ಮದ್ದು ಹುಡುಕುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುತ್ತದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಾಲ್ಕೂವರೆ ಗಂಟೆಯ ಒಳಗೆ ಸರಿಯಾದ ಆಸ್ಪತ್ರೆ ಸೇರಿದರೆ ರಕ್ತದ ಗಡ್ಡೆ ಕರಗಿಸುವ ಔಷಧಿ ಕೊಡಲು ಸಾಧ್ಯ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು.

ಎರಡನೆಯ ಮೆಟ್ಟಿಲು: ದೊಡ್ಡ ಆಸ್ಪತ್ರೆ

ಕ್ಲಿನಿಕ್ಕಿನಲ್ಲಿ ಆಗದ ಚಿಕಿತ್ಸೆಗೆ ಡಾಕ್ಟರು ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಚಿಕ್ಕಲಸಂದ್ರದವರಿಗೆ ಹತ್ತಿರ ಇರುವುದು ಬನಶಂಕರಿಯ ಪಾಲಿಕೆ ರೆಫರಲ್ ಆಸ್ಪತ್ರೆ. ಅದನ್ನು ಬಿಟ್ಟರೆ ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆ. ಹೃದಯಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ. ಕ್ಯಾನ್ಸರಿಗೆ ಕಿದ್ವಾಯಿ. ನರ ಮತ್ತು ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್. ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಹೆರಿಗೆಗೆ ವಾಣಿವಿಲಾಸ. ಹೊರ ರಾಜ್ಯದಿಂದಲೂ ಜನ ಹುಡುಕಿಕೊಂಡು ಬರುವ ಆಸ್ಪತ್ರೆಗಳು ಇವು. ನಮಗೆ ಬಸ್ಸಿನ ದಾರಿಯಲ್ಲೇ ಇವೆ.

ಬಸ್ಸಿನ ಚಾರ್ಜು? ಅದೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿಗೆ ಹಣ ಬೇಡ. ಗುರುತಿನ ಚೀಟಿ ತೋರಿಸಿದರೆ ಸಾಕು.

ಐದು ಲಕ್ಷದ ಕಾರ್ಡು

"ಆಪರೇಷನ್ ಅಂದರೆ ಏನ್ಮಾಡ್ಲಿ?" ಗೌರಮ್ಮ ಕೇಳಿದಳು.

ಇದಕ್ಕೆ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಯೋಜನೆ ಇದೆ. 2018ರಲ್ಲಿ ಬಂದದ್ದು. ಬಿಪಿಎಲ್ ರೇಷನ್ ಕಾರ್ಡು ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದಲ್ಲಿ 100 ರೂಪಾಯಿಗೆ 30 ರೂಪಾಯಿಯಂತೆ ಸಿಗುತ್ತದೆ. ಅದು ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ.

ಇದರಲ್ಲಿ ಜನ ಎಡವುವುದು ಎಲ್ಲಿ ಗೊತ್ತೆ? ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿಬಿಡುತ್ತಾರೆ. ಆಮೇಲೆ ಕಾರ್ಡು ತೋರಿಸುತ್ತಾರೆ. ಆಗ ಸಿಗುವುದಿಲ್ಲ.

ಕ್ರಮ ಹೀಗಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲೇ ಚಿಕಿತ್ಸೆ ಇದ್ದರೆ ಅಲ್ಲೇ ಮಾಡುತ್ತಾರೆ. ಇಲ್ಲದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಆ ಚೀಟಿ ಹಿಡಿದು ಯೋಜನೆಯಲ್ಲಿ ಸೇರಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಕಾಯಿಲೆಗೆ ಮಾತ್ರ ಚೀಟಿ ಬೇಡ. ಆದರೆ ಆಗಲೂ ಆಸ್ಪತ್ರೆ ಯೋಜನೆಯಲ್ಲಿ ಸೇರಿರಬೇಕು. ಸೇರುವ ಮೊದಲೇ ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕಾಗಿಯೇ 'ಆರೋಗ್ಯ ಮಿತ್ರ' ಅಂತ ಇರುತ್ತಾರೆ. ಅವರನ್ನು ಹುಡುಕಿ.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ. "ನಮ್ಮ ರೇಷನ್ ಕಾರ್ಡು ಊರಲ್ಲಿದೆ, ಇಲ್ಲಿ ನಡೆಯಲ್ಲ" ಅಂತ ಅವರು ಅಂದುಕೊಳ್ಳುತ್ತಾರೆ. ಅದು ತಪ್ಪು. ಕಾರ್ಡು ಯಾವ ಜಿಲ್ಲೆಯದಾದರೂ ಈ ಯೋಜನೆ ರಾಜ್ಯದ ಎಲ್ಲ ಕಡೆ ನಡೆಯುತ್ತದೆ. ಆದರೆ ಕಾರ್ಡು ಊರಿನ ಪೆಟ್ಟಿಗೆಯಲ್ಲಿ ಇದ್ದರೆ ಇಲ್ಲಿ ಏನು ಪ್ರಯೋಜನ? ಒಂದು ಜೆರಾಕ್ಸ್ ತರಿಸಿಕೊಳ್ಳಿ. ಆಧಾರ್ ಜೊತೆಗೆ ಇಡಿ. ನಿಮ್ಮ ಹೆಸರು, ಮಕ್ಕಳ ಹೆಸರು ಸರಿಯಾಗಿ ಇದೆಯಾ, ಓದಿ ನೋಡಿ.

ಸಂಶಯ ಬಂದರೆ 104ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಆರೋಗ್ಯ ಸಹಾಯವಾಣಿ.

ಕೆಲಸಕ್ಕೆ ತಕ್ಕ ಹಕ್ಕು

ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರಿಗೆ ಇ.ಎಸ್.ಐ. ಇದೆ. ತಿಂಗಳ ಸಂಬಳ 21,000 ರೂಪಾಯಿ ಒಳಗೆ ಇದ್ದರೆ ಇದು ಅನ್ವಯಿಸುತ್ತದೆ. ಸಂಬಳದ 100 ರೂಪಾಯಿಗೆ 75 ಪೈಸೆ ನಿಮ್ಮದು. 3 ರೂಪಾಯಿ 25 ಪೈಸೆ ಮಾಲೀಕರದ್ದು. ನಿಮಗೆ ಮಾತ್ರವಲ್ಲ, ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆ ಬಿದ್ದು ರಜೆ ಹಾಕಿದರೆ ಕೂಲಿಯ 100ಕ್ಕೆ 70ರಂತೆ ಹಣವೂ ಸಿಗುತ್ತದೆ. ವರ್ಷಕ್ಕೆ 91 ದಿನದವರೆಗೆ. ಸಂಬಳದ ಚೀಟಿಯಲ್ಲಿ 'ಇ.ಎಸ್.ಐ.' ಅಂತ ಹಣ ಹಿಡಿದಿದ್ದಾರಾ ನೋಡಿ. ಹಿಡಿದಿದ್ದರೆ ನಿಮ್ಮ ನಂಬರು ಕೇಳಿ ಪಡೆಯಿರಿ.

ಗೌರಮ್ಮನ ಗಂಡನಂಥ ಕಟ್ಟಡ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಗಾರೆಯವರು ಮಾತ್ರ ಅಲ್ಲ. ಇಟ್ಟಿಗೆ, ಮರಳು ಹೊರುವ ಹೆಂಗಸರೂ ಸೇರಬಹುದು. ಬಣ್ಣ ಹೊಡೆಯುವವರು, ಟೈಲ್ಸ್ ಹಾಕುವವರೂ ಸೇರಬಹುದು. ವಯಸ್ಸು 18ರಿಂದ 60. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಹೆಸರು ನೋಂದಾಯಿಸಿದರೆ ಕಾಯಿಲೆಗೆ, ಹೆರಿಗೆಗೆ ಸಹಾಯಧನ ಇದೆ. ಆಸ್ಪತ್ರೆಯ ಬಿಲ್ಲು, ಮನೆಗೆ ಕಳಿಸುವಾಗ ಕೊಡುವ ಚೀಟಿ ಜೋಪಾನ ಮಾಡಿ. ಅದಿಲ್ಲದೆ ಹಣ ಬರುವುದಿಲ್ಲ.

ಇದು ಯಾರೋ ಹಾಕುವ ಭಿಕ್ಷೆ ಅಲ್ಲ. ದೊಡ್ಡ ಕಟ್ಟಡ ಕಟ್ಟಿಸುವವರಿಂದ ಖರ್ಚಿನ 100 ರೂಪಾಯಿಗೆ 1 ರೂಪಾಯಿಯಂತೆ ವಸೂಲು ಮಾಡಿದ ಹಣ ಅದು. ನಿಮ್ಮ ಬೆವರಿನ ಪಾಲು. ವಿವರ ಬೇಕಾದರೆ ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡಿ.

ಹಾಗಾದರೆ ಗೌರಮ್ಮನಂಥ ಮನೆಗೆಲಸದವರಿಗೆ? ಅವರಿಗೆ ಇ.ಎಸ್.ಐ. ಇಲ್ಲ. ಕಾಯಿಲೆ ಬಿದ್ದ ದಿನದ ಕೂಲಿ ಕೊಡುವವರು ಯಾರೂ ಇಲ್ಲ. ಚಿಕಿತ್ಸೆ ಉಚಿತ ಇದ್ದರೂ ದಿನದ ಕೂಲಿ ಹೋದರೆ ಒಲೆ ಉರಿಯುವುದು ಹೇಗೆ? ಗೌರಮ್ಮನ 'ನಾಳೆ'ಗೆ ನಿಜವಾದ ಕಾರಣ ಇದೇ.

ಕೂಲಿ ಹೋದರೆ ಏನು ಮಾಡೋದು?

ಈ ಪ್ರಶ್ನೆಗೆ ನಮ್ಮ ರಾಜ್ಯದ ಜನರೇ ಉತ್ತರ ಹುಡುಕಿದ್ದರು.

2002ರಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಕರುಣಾ ಟ್ರಸ್ಟ್ ಒಂದು ವಿಮೆ ಶುರು ಮಾಡಿತು. ಒಬ್ಬರಿಗೆ ವರ್ಷಕ್ಕೆ ಕಟ್ಟುವ ಹಣ 20 ರೂಪಾಯಿಯ ಆಸುಪಾಸು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ದಿನ ಮಲಗಿದರೆ 50 ರೂಪಾಯಿ ಔಷಧಿಗೆ, 50 ರೂಪಾಯಿ ಹೋದ ಕೂಲಿಗೆ. ಹೋದ ಕೂಲಿಯೂ ರೋಗದ ಖರ್ಚೇ ಅಂತ ಅವರು ಲೆಕ್ಕಕ್ಕೆ ತಂದರು. ಅದು ದೊಡ್ಡ ಮಾತು.

2003ರಲ್ಲಿ ಸಹಕಾರ ಸಂಘದ ರೈತರಿಗಾಗಿ ಯಶಸ್ವಿನಿ ಬಂತು. ಆಗ ತಿಂಗಳಿಗೆ ಬರೀ 5 ರೂಪಾಯಿ ಕಟ್ಟಬೇಕಿತ್ತು. ಲಕ್ಷಾಂತರ ಜನ ಸೇರಿದರು. ಎಲ್ಲರೂ ಕಟ್ಟಿದ ಸಣ್ಣ ಹಣ, ಸರ್ಕಾರದ ಪಾಲು ಸೇರಿ ರೈತರಿಗೆ ದೊಡ್ಡ ಆಪರೇಷನ್ ಆದವು. 2018ರಲ್ಲಿ ಅದು ನಿಂತಿತ್ತು. 2022ರಲ್ಲಿ ಮತ್ತೆ ಶುರುವಾಯಿತು.

ಎರಡರಿಂದಲೂ ಕಲಿಯುವ ಪಾಠ ಒಂದೇ. ಹನಿ ಹನಿ ಕೂಡಿದರೆ ಹಳ್ಳ.

ನಮ್ಮ ಸಂಘದಲ್ಲೂ ಇದನ್ನು ಮಾಡಬಹುದು. ಲೆಕ್ಕ ಹಾಕಿ ನೋಡಿ. ಸಂಘದಲ್ಲಿ 20 ಜನ. ಒಬ್ಬರು ವಾರಕ್ಕೆ 10 ರೂಪಾಯಿ ಹಾಕಿದರೆ ವಾರಕ್ಕೆ 200 ರೂಪಾಯಿ. ವರ್ಷಕ್ಕೆ 52 ವಾರ. 200ನ್ನು 52ರಿಂದ ಗುಣಿಸಿದರೆ 10,400 ರೂಪಾಯಿ. ಇದನ್ನು ಆರೋಗ್ಯಕ್ಕೆ ಅಂತಲೇ ಬೇರೆ ಇಡಿ. ಆಸ್ಪತ್ರೆಗೆ ಹೋದ ದಿನದ ಕೂಲಿಗೆ ಸಾಲ ಕೊಡಿ. ಬಡ್ಡಿ ಬೇಡ. ಲೆಕ್ಕ ಮಾತ್ರ ಪುಸ್ತಕದಲ್ಲಿ ಬರೆಯಲೇಬೇಕು.

ಇದರಿಂದ ಆಪರೇಷನ್ ಆಗುವುದಿಲ್ಲ. ಅದಕ್ಕೆ ಕಾರ್ಡು ಇದೆ. ಆದರೆ 'ನಾಳೆ' ಅನ್ನುವವಳನ್ನು ಇವತ್ತೇ ಕಳಿಸಲು ಈ ಹಣ ಸಾಕು.

ಹಣ ಒಂದೇ ಅಲ್ಲ. ದನಿಯೂ ಬೇಕು. ನಗರ ಆರೋಗ್ಯ ಅಭಿಯಾನದಲ್ಲಿ 'ಮಹಿಳಾ ಆರೋಗ್ಯ ಸಮಿತಿ' ಅಂತ ಇದೆ. 50ರಿಂದ 100 ಮನೆಗೆ ಒಂದು ಸಮಿತಿ. ಅಲ್ಲಿಯ ಹೆಂಗಸರೇ ಸದಸ್ಯರು. ಆಶಾ ಕಾರ್ಯಕರ್ತೆ ಜೊತೆಗಿರುತ್ತಾಳೆ. ಸಮಿತಿಗೆ ವರ್ಷಕ್ಕೆ 5,000 ರೂಪಾಯಿ ಕೊಡಬೇಕು ಅಂತ ನಿಯಮ ಇದೆ. ನಿಮ್ಮ ಬೀದಿಯಲ್ಲಿ ಸಮಿತಿ ಇದೆಯಾ? ಇದ್ದರೆ ಸಭೆಗೆ ಹೋಗಿ. ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಕ್ಲಿನಿಕ್ಕಿನಲ್ಲಿ ಮಾತ್ರೆ ಇಲ್ಲದಿದ್ದರೆ, ಡಾಕ್ಟರು ಬಾರದಿದ್ದರೆ ಒಬ್ಬಳೇ ಜಗಳ ಆಡಿ ಫಲ ಇಲ್ಲ. ಸಮಿತಿ ಸೇರಿ ಬರೆದುಕೊಟ್ಟರೆ ಅದಕ್ಕೆ ತೂಕ ಇರುತ್ತದೆ.

ಗೌರಮ್ಮ ಈಗ ಹೇಗಿದ್ದಾಳೆ?

ಎರಡು ತಿಂಗಳಾಯಿತು. ಗೌರಮ್ಮ ದಿನಾ ಮಾತ್ರೆ ತಿನ್ನುತ್ತಾಳೆ. ಮೊನ್ನೆ ನರ್ಸು ಬರೆದ ಅಂಕಿಯನ್ನು ಅವಳೇ ಓದಿದಳು. 138/88. "ಇಳಿದಿದೆ!" ಅಂತ ನಕ್ಕಳು. ಪುಸ್ತಕದಲ್ಲಿ ತಾರೀಕು ಹಾಕಿ ಬರೆದುಕೊಂಡಳು.

ಮಾತ್ರೆ ಹಾಳೆಯ ಹಿಂದೆ ಕೆಟ್ಟುಹೋಗುವ ತಾರೀಕು ಇರುತ್ತದೆ. ಅದನ್ನೂ ನೋಡುತ್ತಾಳೆ. ಇಂಗ್ಲಿಷ್ ಅಕ್ಷರ ಬರದಿದ್ದರೂ ಅಂಕಿ ಬರುತ್ತದಲ್ಲ!

ಹೋದ ವಾರ ಅವರ ಸಂಘದವರು ಒಂದು ಅರ್ಜಿ ಬರೆದರು. 'ನಾವು ಹಗಲು ದುಡಿಯುವವರು. ವಾರದಲ್ಲಿ ಎರಡು ದಿನವಾದರೂ ಕ್ಲಿನಿಕ್ ರಾತ್ರಿ 8ರವರೆಗೆ ತೆರೆದಿರಲಿ' ಅಂತ ಕೇಳಿದರು. ಕೆಳಗೆ 20 ಸಹಿ. ಒಂದೂ ಹೆಬ್ಬೆಟ್ಟು ಇಲ್ಲ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಸಂಘದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಉತ್ತರ ಬರದಿದ್ದರೆ ಮತ್ತೆ ಹೋಗುತ್ತಾರೆ.

ಗೌರಮ್ಮ ಈಗ ನಾದಿನಿಯನ್ನೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಾಳೆ. ಇನ್ನೊಂದು ಸಲ ಲಕ್ವ ಹೊಡೆಯದಂತೆ ಅವಳೂ ಮಾತ್ರೆ ತಿನ್ನಬೇಕು.

ಇವನ್ನು ನೆನಪಿಡಿ

- 30 ವರ್ಷ ದಾಟಿದವರು ಬಿ.ಪಿ., ಸಕ್ಕರೆ ವರ್ಷಕ್ಕೆ ಒಮ್ಮೆಯಾದರೂ ನೋಡಿಸಿ.
- ಮೊದಲು ಹತ್ತಿರದ ಕ್ಲಿನಿಕ್. ಆಮೇಲೆ ಚೀಟಿ ಹಿಡಿದು ದೊಡ್ಡ ಆಸ್ಪತ್ರೆ.
- ರೇಷನ್ ಕಾರ್ಡು, ಆಧಾರ್, ಹಳೆಯ ಚೀಟಿಗಳು ಒಂದೇ ಚೀಲದಲ್ಲಿ ಇರಲಿ. ಆ ಚೀಲ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ.
- ತುರ್ತಿಗೆ 108. ಸಲಹೆಗೆ 104. ಈ ನಂಬರುಗಳನ್ನು ಗೋಡೆಯ ಮೇಲೆ ಬರೆಯಿರಿ.

ಕೂಡಿ ಮಾತಾಡಿ

1. ನೀವು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದ್ದೀರಾ? ಯಾಕೆ?
2. ನಿಮ್ಮ ಹತ್ತಿರದ ಕ್ಲಿನಿಕ್ ಎಷ್ಟು ಗಂಟೆಗೆ ತೆರೆಯುತ್ತದೆ? ಎಷ್ಟು ಗಂಟೆಗೆ ಮುಚ್ಚುತ್ತದೆ?
3. ನಿಮ್ಮ ಸಂಘದಲ್ಲಿ 15 ಜನ ಇದ್ದು, ಒಬ್ಬರು ವಾರಕ್ಕೆ 10 ರೂಪಾಯಿ ಹಾಕಿದರೆ ವರ್ಷಕ್ಕೆ ಎಷ್ಟು ಹಣ ಆಗುತ್ತದೆ?
4. ನಿಮ್ಮ ಪಕ್ಕದ ಮನೆಯಲ್ಲಿ 'ನಾಳೆ ಹೋಗ್ತೀನಿ' ಅನ್ನುವವರು ಯಾರಿದ್ದಾರೆ? ಅವರ ಜೊತೆ ನೀವು ಯಾವತ್ತು ಹೋಗುತ್ತೀರಿ?